ರಾತ್ರಿ ಬೋರಿನ ಮೋಟರನ್ನ ಆಟೋ ಸ್ಟಾರ್ಟರ್‌ನಲ್ಲಿ ಬಿಡೋದನ್ನ ನಾನೊಬ್ಬಳೇ ನಿಲ್ಲಿಸಿದರೆ ಪ್ರಯೋಜನ ಇದೆಯಾ?

ಹುಣಸೆಮರದ ಮನೆ:

ಎಲ್ಲರಿಗೂ ನಮಸ್ಕಾರ. ನಾನು ಮುಳಬಾಗಿಲು ತಾಲ್ಲೂಕಿನವಳು. ಮೂರೂವರೆ ಎಕರೆ ಜಮೀನು, ನಾಲ್ಕು ಹಸು ಇವೆ. ಯಜಮಾನರು ಬೆಂಗಳೂರಲ್ಲಿ ಡ್ರೈವರ್ ಕೆಲಸದಲ್ಲಿದ್ದಾರೆ, ಶನಿವಾರ ರಾತ್ರಿ ಬಂದು ಸೋಮವಾರ ಬೆಳಗ್ಗೆ ಹೋಗುತ್ತಾರೆ. ತೋಟ ನೋಡಿಕೊಳ್ಳೋದು ನಾನು ಮತ್ತು ಅತ್ತೆ.

ಮೊದಲು ಮನೆ ಕರೆಂಟಿನ ವಿಷಯ ಹೇಳುತ್ತೇನೆ. ಆಮೇಲೆ ಬೋರಿನ ವಿಷಯಕ್ಕೆ ಬರುತ್ತೇನೆ. ಎರಡೂ ಒಂದಕ್ಕೊಂದು ಅಂಟಿಕೊಂಡಿವೆ ಅಂತ ನನಗೆ ಅನ್ನಿಸಿದೆ.

2023ರಲ್ಲಿ ಗೃಹಜ್ಯೋತಿ ಬಂತಲ್ಲ, ಆವಾಗ 2022-23ರ ಸರಾಸರಿ ಬಳಕೆ ನೋಡಿ ಅದರ ಮೇಲೆ 10 ಪರ್ಸೆಂಟ್ ಸೇರಿಸಿ ಅಷ್ಟು ಯೂನಿಟ್ ಫ್ರೀ ಅಂದರು. ನಮ್ಮ ಸರಾಸರಿ 62 ಇತ್ತು. ಹಾಗಾಗಿ ನಮಗೆ 68 ಯೂನಿಟ್. ನಮ್ಮ ಓರಗಿತ್ತಿ ಮನೆಯಲ್ಲಿ ಫ್ರಿಜ್ಜು, ಗೀಸರು ಎಲ್ಲಾ ಮೊದಲೇ ಇತ್ತು, 160 ಉರಿಸುತ್ತಿದ್ದರು, ಅವರಿಗೆ 176 ಫ್ರೀ. ಹಿಡಿದು ಹಿಡಿದು ಉರಿಸಿದವರಿಗೆ ಕಡಿಮೆ, ಧಾರಾಳವಾಗಿ ಉರಿಸಿದವರಿಗೆ ಜಾಸ್ತಿ. ಇದು ಹೊಟ್ಟೆಕಿಚ್ಚಿನ ಮಾತಲ್ಲ, ಲೆಕ್ಕ ಹಾಗೇ ಇದೆ.

ಆದರೆ ಅದಕ್ಕಿಂತ ನನ್ನನ್ನು ಕೊರೆಯುತ್ತಿರೋದು ಬೇರೆ. ಸೊನ್ನೆ ಬಿಲ್ ಬಂದಾಗಿನಿಂದ ಅತ್ತೆ ಆ ಸೊನ್ನೆಯನ್ನು ಕಾಯುತ್ತಿದ್ದಾರೆ. ಪ್ರತಿ ತಿಂಗಳ ಬಿಲ್ಲನ್ನೂ ರೇಷನ್ ಕಾರ್ಡ್ ಇಡೋ ತಗಡಿನ ಡಬ್ಬದಲ್ಲಿ ಮಡಿಸಿ ಇಟ್ಟಿದ್ದಾರೆ. ಸ್ನಾನದ ನೀರಿಗೆ ಕಾಯಿಸೋ ರಾಡ್ ತಂದು ವರ್ಷ ಆಯಿತು, ಹಾಕೋಕೆ ಬಿಡೋದಿಲ್ಲ. 68 ದಾಟಿದರೂ ಜಾಸ್ತಿಯಾದ ಯೂನಿಟ್‌ಗಷ್ಟೇ ದುಡ್ಡು, ಪೂರ್ತಿ ಕಟ್ಟಬೇಕಾಗೋದು 200 ದಾಟಿದರೆ ಮಾತ್ರ ಅಂತ ಎಷ್ಟು ಹೇಳಿದರೂ ಕೇಳಲ್ಲ. ಹಂಡೆ ಒಲೆಗೆ ನೀಲಗಿರಿ ಸೌದೆ ಹಾಕಿಕೊಂಡು ಹೊಗೆಯಲ್ಲಿ ಕೂರುತ್ತಾರೆ. ಅವರಿಗೆ ಮೊದಲೇ ಕೆಮ್ಮು.

ಇಂಥ ಅತ್ತೆ, ಇಂಥ ನಾನು, ತೋಟದ ಮೋಟರ್ ಮಾತ್ರ ಆಟೋದಲ್ಲಿ ಬಿಟ್ಟು ಮಲಗುತ್ತೇವೆ. ಮೋಟರ್ ಓಡಿಸೋ ತ್ರೀ ಫೇಸ್ ಕರೆಂಟ್ ಯಾವಾಗ ಬಂದರೂ ಸ್ಟಾರ್ಟರ್ ತಾನೇ ಎತ್ತಿಕೊಳ್ಳುತ್ತೆ, ಹೋದಾಗ ತಾನೇ ನಿಲ್ಲುತ್ತೆ. ಊರಲ್ಲಿ ಎಲ್ಲರದ್ದೂ ಹೀಗೇ.

ಹೋದ ತಿಂಗಳು ಒಂದು ರಾತ್ರಿ ಜೋರು ಮಳೆ ಬಂದು ನಿಂತಿತ್ತು. ಹಸು ಒದ್ದಾಡೋ ಸದ್ದಿಗೆ ಎದ್ದೆ. ಗಂಟೆ ಎರಡು. ಟಾರ್ಚ್ ಹಿಡಿದು ಕೊಟ್ಟಿಗೆ ನೋಡಿ ತೋಟದ ಕಡೆ ಬೆಳಕು ಬಿಟ್ಟರೆ ಕೃಷಿ ಹೊಂಡ ತುಂಬಿ ಟಾರ್ಪಲ್ ಮೇಲಿಂದ ನೀರು ಗಾಡಿ ದಾರಿಗೆ ಹರಿಯುತ್ತಿದೆ. ಒಂದೂವರೆ ಇಂಚು ನೀರು (ಬೋರಿನ ನೀರನ್ನ ನಾವು ಇಂಚಿನಲ್ಲೇ ಅಳೆಯೋದು), 1,100 ಅಡಿಯಿಂದ ಎದ್ದು ಬಂದ ನೀರು, ಮಳೆಯಲ್ಲಿ ನೆಂದ ಮಣ್ಣಿನ ಮೇಲೆ ಹರಿದು ಹೋಗುತ್ತಿದೆ. ಗಿಡಕ್ಕೆ ಆ ಹೊತ್ತು ಒಂದು ಚೊಂಬು ನೀರೂ ಬೇಕಿರಲಿಲ್ಲ. ಆ ಪೈಪನ್ನು ಕೈಯಲ್ಲಿ ಮುಟ್ಟಿ ನೋಡಿದೆ, ನೀರು ಬೆಚ್ಚಗಿತ್ತು. ಸ್ಟಾರ್ಟರ್ ಆಫ್ ಮಾಡಿದೆ. ನಮ್ಮ ಮೋಟರ್ ನಿಂತ ಕೂಡಲೇ ಪಕ್ಕದ ತೋಟದವರ ಬೋರಿನ ಸದ್ದು ಕೇಳಿಸಿತು. ಅದರಾಚೆ ಇನ್ನೊಂದು.

ಈಗ ಪಕ್ಕದ ತೋಟದವರು 1,500 ಅಡಿಗೆ ಹೊಸ ಪಾಯಿಂಟ್ ನೋಡಿಸಿದ್ದಾರೆ. ನಮ್ಮ ಯಜಮಾನರು ನಾವೂ ಕೊರೆಸೋಣ ಅನ್ನುತ್ತಾರೆ. ಮೋಟರ್, ಕೇಬಲ್, ಪೈಪ್ ಎಲ್ಲಾ ಸೇರಿ ಏಳು ಲಕ್ಷದ ಹತ್ತಿರ ಆಗುತ್ತೆ.

ನನ್ನ ಪ್ರಶ್ನೆ ಇಷ್ಟೇ. ನಾನು ಒಬ್ಬಳು ರಾತ್ರಿ ಎದ್ದು ಆಫ್ ಮಾಡಿದರೆ ನಮ್ಮ ಬೋರಲ್ಲಿ ನೀರು ಉಳಿಯುತ್ತಾ? ಅಥವಾ ನಾನು ಬಿಟ್ಟ ನೀರನ್ನ ಪಕ್ಕದವರು ಎಳೆದುಕೊಳ್ಳುತ್ತಾರಾ? ಹಾಗಾದರೆ ನಾನು ಯಾಕೆ ಬಿಡಬೇಕು?

ನಿವೃತ್ತ ಲೈನ್‌ಮನ್, ಚಿಂತಾಮಣಿ ಕಡೆ:

ತಂಗಿ, ನೀನು ಕೇಳಿದ ಪ್ರಶ್ನೆ ನಾನು 31 ವರ್ಷ ಕಂಬ ಹತ್ತಿ ಇಳಿದು ಕೇಳಿಕೊಂಡ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ಒಂದು ಲೆಕ್ಕ. 10 ಎಚ್‌ಪಿ ಮೋಟರ್ ಅಂದರೆ ಏಳೂವರೆ ಕಿಲೋವ್ಯಾಟ್. 7 ಗಂಟೆ ಓಡಿದರೆ 52 ಯೂನಿಟ್. ನಿಮ್ಮ ಅತ್ತೆ ತಿಂಗಳಿಡೀ ಕಾಯೋದು 68 ಯೂನಿಟ್. ನಿಮ್ಮ ಮೋಟರ್ ಒಂದೇ ರಾತ್ರಿಯಲ್ಲಿ 52 ತಿನ್ನುತ್ತೆ. ನಿಮ್ಮತ್ತೆ ತಪ್ಪು ಮಾಡುತ್ತಿಲ್ಲ. ಮನೆಗೆ ಮೀಟರ್ ಇದೆ, ತಿಂಗಳಿಗೊಮ್ಮೆ ಚೀಟಿ ಬರುತ್ತೆ, ಚೀಟಿಯಲ್ಲಿ ಸಂಖ್ಯೆ ಇರುತ್ತೆ. ತೋಟಕ್ಕೆ ಮೀಟರ್ ಇಲ್ಲ, ಚೀಟಿ ಇಲ್ಲ. ಕಣ್ಣಿಗೆ ಬೀಳದೇ ಇರೋದನ್ನ ಯಾರು ಉಳಿಸೋಕೆ ಹೋಗುತ್ತಾರೆ?

ಇನ್ನೊಂದು ಲೆಕ್ಕ. 1,000 ಅಡಿಯಿಂದ 1,000 ಲೀಟರ್ ನೀರು ಎತ್ತೋಕೆ ಸುಮಾರು 2 ಯೂನಿಟ್ ಬೇಕು. ನಾನು ಕೆಲಸಕ್ಕೆ ಸೇರಿದಾಗ ನಮ್ಮ ಕಡೆ ತೆರೆದ ಬಾವಿ ಇನ್ನೂ ಇದ್ದವು. 100 ಅಡಿ ಬಾವಿಯಿಂದ ಅಷ್ಟೇ ನೀರಿಗೆ ಅದರಲ್ಲಿ ಹತ್ತರಲ್ಲಿ ಒಂದು ಪಾಲು ಸಾಕಿತ್ತು. ನೀರು ಕೆಳಗೆ ಹೋದಷ್ಟೂ ಕರೆಂಟ್ ಜಾಸ್ತಿ ಬೇಕು. ಆ ಜಾಸ್ತಿ ಕರೆಂಟಿಗೆ ರೈತ ದುಡ್ಡು ಕೊಡಬೇಕಿದ್ದರೆ 400 ಅಡಿಗೇ ಯೋಚನೆ ಮಾಡಿ ನಿಲ್ಲುತ್ತಿದ್ದ. ಕೊಡಬೇಕಿಲ್ಲ, ಹಾಗಾಗಿ 1,500ಕ್ಕೂ ಹೋಗುತ್ತಾನೆ. 2008ರಿಂದ 10 ಎಚ್‌ಪಿವರೆಗೆ ಪೂರ್ತಿ ಉಚಿತ ಆಯಿತು. ಯಾವ ಪಕ್ಷ ಬಂದರೂ ಅದನ್ನ ಮುಟ್ಟಿಲ್ಲ.

ಈ 10 ಅನ್ನೋ ಗೆರೆ ಏನು ಮಾಡಿದೆ ಗೊತ್ತಾ? ಇಷ್ಟು ಆಳದಿಂದ ಎತ್ತೋಕೆ 10 ಎಚ್‌ಪಿ ಎಲ್ಲರಿಗೂ ಸಾಲಲ್ಲ. ಹನ್ನೆರಡೂವರೆ, 15 ಹಾಕುತ್ತಾರೆ. ಅರ್ಜಿಯಲ್ಲಿ 10 ಅಂತಲೇ ಇರುತ್ತೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಹಾಕೋವಾಗ ಅರ್ಜಿಯ ಲೆಕ್ಕ ಹಿಡಿದು ಹಾಕುತ್ತೇವೆ. ಒಂದು ಟಿಸಿಗೆ ಆರು ಮೋಟರ್ ಅಂದುಕೊಳ್ಳಿ, ಆರೂ ಆಟೋದಲ್ಲಿ. ಕರೆಂಟ್ ಬಂದ ಕ್ಷಣಕ್ಕೆ ಆರೂ ಒಟ್ಟಿಗೆ ಎತ್ತಿಕೊಳ್ಳುತ್ತವೆ. ಓಡೋ ಮೋಟರಿಗಿಂತ ಎದ್ದೇಳೋ ಮೋಟರ್ ಐದಾರು ಪಟ್ಟು ಕರೆಂಟ್ ಎಳೆಯುತ್ತೆ. ಫ್ಯೂಸ್ ಹೋಗುತ್ತೆ. ದಪ್ಪ ತಂತಿ ಸುತ್ತುತ್ತಾರೆ. ಆಮೇಲೆ ಟಿಸಿಯೇ ಸುಟ್ಟು ಹೋಗುತ್ತೆ. ಬೇಸಿಗೆಯಲ್ಲಿ ನಾನು ಟಿಸಿ ಬದಲಾಯಿಸಿದ್ದೇ ಬದಲಾಯಿಸಿದ್ದು. ವೋಲ್ಟೇಜ್ ಬಿದ್ದಾಗ ಸುಡೋದು ರೈತನ ಮೋಟರೇ. ಒಂದು ಸಲ ವೈಂಡಿಂಗ್ ಮಾಡಿಸಿ, 1,000 ಅಡಿ ಪೈಪ್ ಎತ್ತಿ ಇಳಿಸೋ ಕೂಲಿ ಕೊಟ್ಟರೆ ಫ್ರೀ ಕರೆಂಟ್ ಎಲ್ಲಿ ಫ್ರೀ ಆಯಿತು?

ಆದರೆ ಆಟೋ ಹಾಕಿದವನನ್ನ ನಾನು ಯಾವತ್ತೂ ಬೈದಿಲ್ಲ. ರಾತ್ರಿ ಹನ್ನೊಂದಕ್ಕೋ ಒಂದಕ್ಕೋ ತ್ರೀ ಫೇಸ್ ಬರುತ್ತೆ ಅಂದರೆ ಯಾರು ಎದ್ದು ಹೋಗೋದು? ನಮ್ಮ ಸೆಕ್ಷನ್‌ನಲ್ಲಿ ನೀರು ಕಟ್ಟೋಕೆ ಹೋದ ಹುಡುಗನಿಗೆ ಮಂಡಲದ ಹಾವು ಕಚ್ಚಿತ್ತು. ಅವನ ಸ್ಟಾರ್ಟರ್ ಪೆಟ್ಟಿಗೆ ಹತ್ತಿರವೇ. ಅದಾದ ಮೇಲೆ ಆ ಸಾಲಿನವರೆಲ್ಲಾ ಆಟೋ ಹಾಕಿಸಿಕೊಂಡರು. ನಾನಾಗಿದ್ದರೂ ಹಾಕಿಸುತ್ತಿದ್ದೆ.

ಈಗ ನಿನ್ನ ಪ್ರಶ್ನೆಗೆ. ನಮ್ಮ ಕಡೆ ಬಂಡೆ ಬಿರುಕಿನ ನೀರು. ಪಕ್ಕದವರ ಬಿರುಕೂ ನಿನ್ನ ಬಿರುಕೂ ಕೂಡಿದ್ದರೆ ನೀನು ಬಿಟ್ಟಿದ್ದು ಅವರಿಗೆ ಹೋಗಬಹುದು. ಕೂಡಿಲ್ಲದಿದ್ದರೆ ನಿನಗೇ ಉಳಿಯುತ್ತೆ. ಅಕ್ಕಪಕ್ಕದವರು ಎರಡು ದಿನ ಮೋಟರ್ ನಿಲ್ಲಿಸೋಕೆ ಒಪ್ಪಿದರೆ ನಿನ್ನ ನೀರು ಜಾಸ್ತಿ ಆಗುತ್ತಾ ನೋಡಬಹುದು. ಅದಕ್ಕೂ ಮೊದಲು ಒಂದು ಕೆಲಸ ಮಾಡು. ಸ್ವಂತ ದುಡ್ಡಲ್ಲಿ ಸ್ಟಾರ್ಟರ್ ಪಕ್ಕ ಒಂದು ತ್ರೀ ಫೇಸ್ ಮೀಟರ್ ಕೂರಿಸು. ಯಾರಿಗೂ ಲೆಕ್ಕ ಕೊಡೋಕಲ್ಲ, ನಿನಗೆ ಕಾಣಲಿ ಅಂತ. ಗೊತ್ತಿರೋ ಎಲೆಕ್ಟ್ರಿಷಿಯನ್ ಕೈಲೇ ಹಾಕಿಸು, ನೀನು ಕೈ ಹಾಕಬೇಡ.

ವಡ್ಡಹಳ್ಳಿ ಮಂಡಿಗೆ ಹಾಕೋನು:

ಅಣ್ಣ ಬರೆದಿದ್ದು ಸರಿ ಇದೆ, ಆದರೆ ಅರ್ಧ. ಓದಿದವರೆಲ್ಲಾ ಕೊನೆಗೆ ರೈತನಿಗೆ ಮೀಟರ್ ಹಾಕಿ ಅಂತಾರೆ. ಅದಕ್ಕೇ ಈ ಮಾತು ಬಂದಾಗ ನನಗೆ ಮೈ ಉರಿಯುತ್ತೆ.

2023ರ ಜುಲೈನಲ್ಲಿ ಟೊಮೆಟೊ 15 ಕೆಜಿ ಬಾಕ್ಸ್ 2,000 ದಾಟಿತ್ತು, ಎಲ್ಲಾ ಟಿವಿಯಲ್ಲೂ ತೋರಿಸಿದರು. ಅದೇ ಬಾಕ್ಸನ್ನ ನಾನು 60 ರೂಪಾಯಿಗೂ ಕೊಟ್ಟಿದ್ದೇನೆ, ಕೀಳೋ ಕೂಲಿ ಹುಟ್ಟದೆ ಗಿಡದಲ್ಲೇ ಬಿಟ್ಟಿದ್ದೇನೆ. ಬೆಲೆಗೆ ಗ್ಯಾರಂಟಿ ಇಲ್ಲ, ಮಳೆಗೆ ಗ್ಯಾರಂಟಿ ಇಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯೋ ಹೊಳೆ ಒಂದೂ ಇಲ್ಲ. ಕಾವೇರಿ ಕಡೆಯವರಿಗೆ ಕಾಲುವೆಯಲ್ಲಿ ನೀರು ಬಿಡೋಕೆ ಸರ್ಕಾರ ಅಣೆಕಟ್ಟು ಕಟ್ಟಿಸಿತು. ನಾವು ನಮ್ಮ ಕಾಲುವೆಯನ್ನ ನೆಟ್ಟಗೆ ಕೆಳಕ್ಕೆ ನಾವೇ ಕೊರೆಸಿಕೊಂಡಿದ್ದೇವೆ. ಆ ಕರೆಂಟ್ ನಮಗೆ ಸಿಕ್ಕ ಒಂದೇ ಒಂದು ನೀರಾವರಿ ಯೋಜನೆ.

1980ರಲ್ಲಿ ನರಗುಂದ, ನವಲಗುಂದದಲ್ಲಿ ಯಾಕೆ ಬಂಡಾಯ ಆಯಿತು? ಮಲಪ್ರಭಾ ನೀರು ಸರಿಯಾಗಿ ಬರೋ ಮೊದಲೇ ಅಭಿವೃದ್ಧಿ ಕರ ಕಟ್ಟಿ ಅಂದಿದ್ದಕ್ಕೆ. ಗೋಲಿಬಾರ್ ಆಗಿ ರೈತರು ಸತ್ತರು. ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಅವತ್ತಿನಿಂದ ರೈತನ ಹತ್ತಿರ ಬಿಲ್ ತಗೊಂಡು ಹೋಗೋ ಧೈರ್ಯ ಯಾರಿಗೂ ಇಲ್ಲ. ಓಟಿಗೆ ಅಂತ ಮಾತ್ರ ಅಲ್ಲ, ಹಿಂದೆ ಇಷ್ಟು ಕಥೆ ಇದೆ.

ಕಿತ್ತುಕೊಳ್ಳೋ ದಾರಿ ಬಿಟ್ಟು ಕೊಡೋ ದಾರಿ ಯೋಚನೆ ಮಾಡಿ. ಗುಜರಾತಿನ ಖೇಡಾ ಜಿಲ್ಲೆಯ ಧುಂಡಿ ಅನ್ನೋ ಊರಲ್ಲಿ ಕೆಲವು ರೈತರು ಸೋಲಾರ್ ಪಂಪ್ ಹಾಕಿ ಸಹಕಾರ ಸಂಘ ಕಟ್ಟಿಕೊಂಡರು. ಬೇಡದ ಹೊತ್ತಿನ ಕರೆಂಟನ್ನ 2016ರಿಂದ ಗ್ರಿಡ್‌ಗೆ ಮಾರಿದರು. ನಮ್ಮಲ್ಲೂ ಕನಕಪುರದ ಹಾರೋಬೆಲೆಯಲ್ಲಿ ಸೂರ್ಯ ರೈತ ಅಂತ ಇಂಥದ್ದೇ ಸೋಲಾರ್ ಪಂಪ್ ಯೋಜನೆ ಮಾಡಿದರು. ಸುಮ್ನೆ ಓಡೋ ಮೋಟರ್ ನಿಲ್ಲಿಸಿದರೆ ನನ್ನ ಖಾತೆಗೆ ದುಡ್ಡು ಬೀಳುತ್ತೆ ಅಂದರೆ ರಾತ್ರಿ ಎರಡಕ್ಕೆ ಅಲ್ಲ, ಮಧ್ಯಾಹ್ನ ಎರಡಕ್ಕೂ ನಾನೇ ಓಡಿಹೋಗಿ ನಿಲ್ಲಿಸುತ್ತೇನೆ.

ಅಕ್ಕಾ, ಏಳು ಲಕ್ಷಕ್ಕೆ ಮಾತ್ರ ಕೈ ಹಾಕಬೇಡಿ. ನಾನು ಮೂರು ಬೋರ್ ಕೊರೆಸಿ ಎರಡರಲ್ಲಿ ಧೂಳು ನೋಡಿದ್ದೇನೆ.

ಲೂಧಿಯಾನದಲ್ಲಿ ಓದಿದವನು:

ಪಂಜಾಬ್ ವಿಷಯ ಸ್ವಲ್ಪ ಹೇಳಲಾ? ಅಲ್ಲಿ ನಾಲ್ಕು ವರ್ಷ ಇದ್ದೆ, ಊರು ಶ್ರೀನಿವಾಸಪುರ.

ಅಲ್ಲಿ 1997ರಲ್ಲೇ ತೋಟದ ಕರೆಂಟ್ ಉಚಿತ ಮಾಡಿದರು. ಜೊತೆಗೆ ಭತ್ತ, ಗೋಧಿಗೆ ಸರ್ಕಾರದ ಖರೀದಿ ಗ್ಯಾರಂಟಿ. ಎರಡೂ ಸೇರಿದಾಗ ಮರಳು ನೆಲದಲ್ಲೂ ಭತ್ತ ಬಂತು, ನೀರು ಕೆಳಗೆ ಹೋಯಿತು. ನೀರು ಉಳಿಸೋಕೆ ಅಂತ 2009ರಲ್ಲಿ ಕಾಯ್ದೆ ಮಾಡಿದರು, ಜೂನ್ 10ಕ್ಕಿಂತ ಮೊದಲು ಯಾರೂ ನಾಟಿ ಮಾಡಬಾರದು ಅಂತ. ಉದ್ದೇಶ ಒಳ್ಳೆಯದೇ. ಆದರೆ ನಾಟಿ ತಡ ಆದರೆ ಕೊಯ್ಲೂ ತಡ. ಗೋಧಿ ಬಿತ್ತೋಕೆ ಎರಡು ಮೂರು ವಾರ ಮಾತ್ರ ಉಳಿಯುತ್ತೆ. ಹೊಲದಲ್ಲಿರೋ ಹುಲ್ಲು ತೆಗೆಯೋಕೆ ಟೈಮ್ ಇಲ್ಲ, ಕಡ್ಡಿ ಗೀರುತ್ತಾರೆ. ಅಷ್ಟು ಹೊತ್ತಿಗೆ ಚಳಿ, ಗಾಳಿ ಬೀಸಲ್ಲ. ಹೊಗೆ ಚದುರದೆ ದೆಹಲಿವರೆಗೂ ಕವಿದು ಕೂರುತ್ತೆ. ಮೋಟರಿನ ಕರೆಂಟಿನಿಂದ ಶುರುವಾಗಿ ದೆಹಲಿಯ ಮಕ್ಕಳ ಎದೆವರೆಗೆ ಒಂದೇ ಸರಪಣಿ ಅದು. ದೆಹಲಿಗೆ ಬೇರೆ ಹೊಗೆಯೂ ಇದೆ, ಎಲ್ಲಾ ರೈತನದ್ದೇ ಅಂತ ಹೇಳುತ್ತಿಲ್ಲ. ನವೆಂಬರಿನಲ್ಲಿ ಹಾಸ್ಟೆಲ್ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ ಮಲಗುತ್ತಿದ್ದೆವು. ಬೆಳಗ್ಗೆ ಬಟ್ಟೆ ಬೂದು ಬಣ್ಣ.

ಮಂಡಿ ಅಣ್ಣ ಹೇಳಿದ್ದನ್ನೇ ಅಲ್ಲಿ 2018ರಲ್ಲಿ ಶುರು ಮಾಡಿದರು. ಹೆಸರು ಪಾನಿ ಬಚಾವೋ ಪೈಸೇ ಕಮಾವೋ. ಇಷ್ಟು ಯೂನಿಟ್ ನಿಮ್ಮ ಪಾಲು, ಅದರಲ್ಲಿ ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ ಖಾತೆಗೆ. ಇಷ್ಟ ಇದ್ದವರು ಸೇರಬಹುದು. ಮೀಟರ್ ಅಂದರೆ ಹೆದರೋ ಊರಲ್ಲೂ ಕೆಲವರು ತಾವಾಗಿ ಮೀಟರ್ ಹಾಕಿಸಿಕೊಂಡರು.

ಸಿಸ್ಟರ್:

ನಾನು ಹಳ್ಳಿ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡುವವಳು. ಕರೆಂಟಿನ ಲೆಕ್ಕ ನನಗೆ ಬರಲ್ಲ. ಮಕ್ಕಳ ಹಲ್ಲಿನ ವಿಷಯ ಹೇಳುತ್ತೇನೆ.

ಶಾಲೆಯಲ್ಲಿ ತಪಾಸಣೆಗೆ ಹೋದಾಗ ಮಕ್ಕಳು ಬಾಯಿ ತೆರೆದರೆ ಗೊತ್ತಾಗುತ್ತೆ, ಯಾವ ಊರಿನ ಬೋರ್ ಎಷ್ಟು ಆಳ ಅಂತ. ಮುಂದಿನ ಹಲ್ಲಿನ ಮೇಲೆ ಸುಣ್ಣದ ಗೆರೆ, ಆಮೇಲೆ ಕಂದು ಕಲೆ. ಉಜ್ಜಿದರೆ ಹೋಗಲ್ಲ. ಒಬ್ಬಳು ಏಳನೇ ಕ್ಲಾಸಿನ ಹುಡುಗಿ ಮಾತಾಡುವಾಗಲೆಲ್ಲಾ ಬಾಯಿಗೆ ಅಂಗೈ ಅಡ್ಡ ಇಡುತ್ತಿದ್ದಳು. ಸೋಪಿನ ಪುಡಿ ಹಾಕಿ ತಿಕ್ಕಿ ವಸಡು ಕಿತ್ತುಕೊಂಡಿದ್ದಳು. ಹಲ್ಲು ಕೊಳಕಲ್ಲ ಕಂದಾ, ನೀರಿನಿಂದ ಆಗಿದ್ದು ಅಂತ ನಾನು ಹೇಳಿದಾಗ ಅವಳು ಮೊದಲು ಕೇಳಿದ್ದು, ಹಾಗಾದರೆ ತಮ್ಮನಿಗೂ ಆಗುತ್ತಾ ಅಂತ.

ಕಲ್ಲಿನಲ್ಲಿ ಹೆಚ್ಚು ಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಆಳಕ್ಕೆ ಹೋದಷ್ಟೂ ಅಂಥ ನೀರು ಸಿಗುವ ಸಾಧ್ಯತೆ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಎಂಟು ವರ್ಷದ ಒಳಗೆ, ಹಲ್ಲು ಒಳಗೆ ತಯಾರಾಗುವಾಗ ಕುಡಿದಿದ್ದು ಜೀವಮಾನ ಪೂರ್ತಿ ಉಳಿಯುತ್ತೆ. ವರ್ಷಗಟ್ಟಲೆ ತುಂಬಾ ಜಾಸ್ತಿ ಕುಡಿದರೆ ಸೊಂಟ, ಕುತ್ತಿಗೆ ಹಿಡಿದುಕೊಳ್ಳುತ್ತೆ. ಕುದಿಸಿದರೆ ಹೋಗುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತೆ.

ಊರೂರಿಗೆ ಶುದ್ಧ ನೀರಿನ ಘಟಕ ಇದೆ ನಿಜ. ನಮ್ಮಲ್ಲಿ 20 ಲೀಟರಿಗೆ 5 ರೂಪಾಯಿ. ಆದರೆ ಕ್ಯಾನ್ ತರೋದು ಕುಡಿಯೋಕೆ ಮಾತ್ರ. ಅಡುಗೆಗೆ ಬೋರ್ ನೀರೇ. ಮುದ್ದೆಗೆ ಎಸರಿಡೋದು ಅದರಲ್ಲಿ, ಬೇಳೆ ಬೇಯೋದು ಅದರಲ್ಲಿ, ಅಕ್ಕಿ ಹೀರಿಕೊಳ್ಳೋದು ಅದನ್ನೇ. ಯಾಕಮ್ಮ ಅಂದರೆ ಇನ್ನೊಂದು ಕ್ಯಾನ್ ಯಾರು ಹೊರೋದು ಅಂತಾರೆ. ಹೊರೋದು ಹೆಂಗಸರು. ಅವರಿಗೆ ಸೊಂಟ ನೋವು ಇವತ್ತೇ ಬರುತ್ತೆ, ಹಲ್ಲಿನ ಕಲೆ ಎಂಟು ವರ್ಷದ ಮೇಲೆ ಕಾಣುತ್ತೆ. ಅದಕ್ಕೇ ನಾನು ಈಗ ಉಪದೇಶ ಮಾಡೋದು ಬಿಟ್ಟಿದ್ದೇನೆ. ಬೈಕ್ ಇರೋ ಗಂಡಸರನ್ನ ಹಿಡಿದು ಅಡುಗೆಗೊಂದು ಕ್ಯಾನ್ ಜಾಸ್ತಿ ತನ್ನಿ ಅನ್ನುತ್ತೇನೆ.

ಅಕ್ಕ, 1,500 ಅಡಿಯ ನೀರನ್ನ ಟೆಸ್ಟ್ ಮಾಡಿಸದೆ ಮಕ್ಕಳಿಗೆ ಕೊಡಬೇಡಿ. ಈಗಿನದ್ದನ್ನೂ ಮಾಡಿಸಿ. ಅತ್ತೆಯವರ ಕೆಮ್ಮಿಗೆ ಕಫ ಪರೀಕ್ಷೆ ಒಂದು ಸಲ ಆಗಲಿ, ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ತಡ ಮಾಡಬೇಡಿ. ಹೊಗೆಯಿಂದಲೇ ಇರಬಹುದು, ಆದರೂ ನೋಡಿಬಿಡೋಣ.

ಹುಣಸೆಮರದ ಮನೆ:

ಉತ್ತರ ಕೊಟ್ಟ ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂದೂವರೆ ತಿಂಗಳಾಯಿತು, ಏನಾಯಿತು ಅಂತ ಹೇಳಬೇಕಲ್ಲ.

ಅತ್ತೆಯನ್ನ ಕರೆದುಕೊಂಡು ಹೋದೆ. ಕಫದಲ್ಲಿ ಏನೂ ಇಲ್ಲ. ಹೊಗೆ ಬಿಡಿ ಅಂದರು ಡಾಕ್ಟರು. ಈಗ ರಾಡ್ ಹಾಕುತ್ತಿದ್ದೇವೆ. ಈ ತಿಂಗಳು 82 ಯೂನಿಟ್ ಆಗಿ 84 ರೂಪಾಯಿ ಬಿಲ್ ಬಂತು. ಅತ್ತೆ ಅದನ್ನ ಹಿಂದೆ ಮುಂದೆ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ. ಸೊನ್ನೆ ಬಿಲ್ಲುಗಳ ಡಬ್ಬದಲ್ಲೇ ಇಟ್ಟರು.

ಲೈನ್‌ಮನ್ ಅಣ್ಣ, ಮೀಟರ್ ಹಾಕಿಸಿದೆ. ಮೊದಲ ರಾತ್ರಿ ಆಟೋದಲ್ಲೇ ಬಿಟ್ಟು ಬೆಳಗ್ಗೆ ನೋಡಿದರೆ 49. ಇದ್ದಿಲಲ್ಲಿ ಪಂಪ್ ಮನೆ ಗೋಡೆ ಮೇಲೆ ಬರೆದೆ. ಅತ್ತೆ ಹಸುವಿಗೆ ಹುಲ್ಲು ಕೊಯ್ಯೋಕೆ ಬಂದವರು ನಿಂತು ಕೇಳಿದರು, ಇದು ತಿಂಗಳದ್ದಾ? ರಾತ್ರಿಯದ್ದು ಅಂದೆ. ಕುಡುಗೋಲು ಕೆಳಗಿಟ್ಟು ಪೆಟ್ಟಿಗೆ ಹತ್ತಿರ ಹೋಗಿ ಮುಳ್ಳು ತಿರುಗುತ್ತಿದೆಯಾ ಅಂತ ಹುಡುಕಿದರು. ಈಗಿನ ಮೀಟರಿಗೆ ಮುಳ್ಳಿಲ್ಲ, ಕೆಂಪು ದೀಪ ಮಿಣಮಿಣ ಅನ್ನುತ್ತೆ. ಅಷ್ಟೊಂದಾ ಅಂದರು. ಆಮೇಲಿಂದ ಹೊಂಡ ಮುಕ್ಕಾಲು ತುಂಬಿದ್ದರೆ ಸಂಜೆಯೇ ಆಟೋ ತೆಗೆಯೋದು ಅವರೇ. ಗೋಡೆ ಮೇಲೆ ಈಗ 19 ಅಂತ, 0 ಅಂತ, 26 ಅಂತ ಇದೆ.

ಪಕ್ಕದವರು ಕೊರೆಸಿಯೇಬಿಟ್ಟರು. 1,460 ಅಡಿ, ಮುಕ್ಕಾಲು ಇಂಚು ನೀರು. ನಾವು ಕೊರೆಸಿಲ್ಲ. ಯಜಮಾನರು ಇನ್ನೂ ಪೂರ್ತಿ ಒಪ್ಪಿಲ್ಲ, ಆದರೆ ಆ ಮುಕ್ಕಾಲು ಇಂಚು ನೋಡಿದ ಮೇಲೆ ಮಾತು ಕಡಿಮೆ ಆಗಿದೆ. ಎರಡು ದಿನ ಎಲ್ಲರೂ ಮೋಟರ್ ನಿಲ್ಲಿಸೋಣ ಅಂತ ಕೇಳಿದೆ. ಒಬ್ಬರು ಹೂಂ ಅಂದಿದ್ದಾರೆ, ಕೊರೆಸಿದವರು ಸಾಲ ತೀರಲಿ ಅಂದರು. ಅವರನ್ನ ಹೇಗೆ ತಪ್ಪು ಅನ್ನಲಿ?

ಮಂಡಿ ಅಣ್ಣ, ನಿಮ್ಮ ಮೂರು ಬೋರಿನ ಮಾತು ಯಜಮಾನರಿಗೆ ಓದಿ ಹೇಳಿದೆ. ಸಿಸ್ಟರ್, ನೀರಿನ ರಿಪೋರ್ಟ್ ಬಂತು, 1.8 ಇದೆ. ಮಗನಿಗೆ ಈಗ ಐದು ವರ್ಷ. ಅಡುಗೆಗೂ ಕ್ಯಾನ್ ತರುತ್ತಿದ್ದೇವೆ. ಹಸುಗಳಿಗೆ ಇದೇ ನೀರು ಕೊಡಬಹುದಾ, ಹಾಲಿನಲ್ಲಿ ಬರುತ್ತಾ, ಅದನ್ನ ಯಾರನ್ನ ಕೇಳಬೇಕು ಹೇಳಿ.

ಲೈನ್‌ಮನ್ ಅಣ್ಣ, ಎಲೆಕ್ಟ್ರಿಷಿಯನ್ ಕೆಪಾಸಿಟರ್ ಹಾಕಿಸಿದರೆ ವೋಲ್ಟೇಜ್ ಚೆನ್ನಾಗಿ ನಿಲ್ಲುತ್ತೆ ಅಂತಾನೆ. ನಮ್ಮ 10 ಎಚ್‌ಪಿಗೆ ಎಷ್ಟರದ್ದು ಬೇಕು? ಟಿಸಿಯಲ್ಲಿರೋ ಆರೂ ಜನ ಹಾಕಿಸಬೇಕಾ, ನಾನೊಬ್ಬಳೇ ಹಾಕಿಸಿದರೂ ಆಗುತ್ತಾ?